ಆರಾಮಾಗಿ ಸಿಕ್ಕಿಬಿದ್ದ ಕಂಡಕ್ಟರ್ ಗುರುಪುತ್ರಪ್ಪ

ಖಾನಾಪುರ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಗುರುಪುತ್ರಪ್ಪನ ಪರಿಚಯ ಅಲ್ಲಿಂದಲೇ ಆದದ್ದು, ಇಪ್ಪತ್ತು ವರ್ಷದ ಮೇಲಾಯಿತು. ಜಾಂಬೋಟಿ ಮೇಲೆ ಕಣಕುಂಬಿಗೆ ಹೋಗುವ ಬಸ್ಸಿನ ಕಂಡಕ್ಟರ್ ಅವನು. ಹತ್ತಿದವರು ಊರ ಹೆಸರು ಹೇಳುವ ಮೊದಲೇ ಟಿಕೆಟ್ ಕೈಗಿಡುತ್ತಿದ್ದ. ಕನ್ನಡದವರೊಡನೆ ಕನ್ನಡ, ಮರಾಠಿಯವರೊಡನೆ ಮರಾಠಿ. ಜಗಳಕ್ಕೆ ಬಂದವರಿಗೆ ಮಾತ್ರ ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ. ಗಾಡಿ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದನೆಂದರೆ ಒಳಗೆ ಎಷ್ಟು ತಲೆಗಳಿವೆ ಎಂದು ಹೇಳಿಬಿಡುತ್ತಿದ್ದ. ಮಡಿಲಲ್ಲಿ ಮಲಗಿದ ಕೂಸುಗಳು ಕೂಡ ಆ ಎಣಿಕೆಯಲ್ಲಿ ಸೇರಿರುತ್ತಿದ್ದವು.

2021ರ ಆಗಸ್ಟಿನಲ್ಲಿ ಕಣಕುಂಬಿಯಲ್ಲಿ ಬಸ್ಸು ಹೊರಳಿಸುವಾಗ ಅನಾಹುತವಾಯಿತು. ಮಳೆ ಹೊಯ್ಯುತ್ತಿತ್ತು. ಗುರುಪುತ್ರಪ್ಪ ಬಸ್ಸಿನ ಹಿಂದೆ ನಿಂತು ಸೀಟಿ ಊದುತ್ತ, ಬಾ ಬಾ ಎಂದು ಕೈ ಬೀಸುತ್ತ, ಬಸ್ಸಿನ ಜೊತೆ ತಾನೂ ಹಿಂದೆ ಹಿಂದೆ ನಡೆದ. ಬಸ್ಸಿಗೆ ದಾರಿ ತೋರಿಸಲು ಅವನಿದ್ದ, ಅವನಿಗೆ ತೋರಿಸಲು ಯಾರೂ ಇರಲಿಲ್ಲ. ರಸ್ತೆ ಬದಿಯ ಮೋರಿಗೆ ಬಿದ್ದು ತಲೆಯ ಬಲಭಾಗ ಕಲ್ಲಿಗೆ ಬಡಿಯಿತು. ಸೀಟಿ ನಿಂತಿತೆಂದು ಡ್ರೈವರ್ ಬ್ರೇಕ್ ಹಾಕಿದ. ಹಾಕದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡೇ ಮನೆಗೆ ಬಂದ. ಮಾತು ಸರಿಯಿತ್ತು, ಕೈಕಾಲು ಆಡುತ್ತಿದ್ದವು, ಕಣ್ಣಿನ ಡಾಕ್ಟರು ಕಣ್ಣಿಗೇನೂ ಆಗಿಲ್ಲವೆಂದರು. ಎಲ್ಲರೂ ನಿಶ್ಚಿಂತರಾದರು. ಜಗತ್ತಿನ ಎಡಭಾಗ ಅವನ ಪಾಲಿಗೆ ಹೋಗಿಬಿಟ್ಟಿದೆ ಎಂಬುದು ಗೊತ್ತಾದದ್ದು ಊಟಕ್ಕೆ ಕೂತಾಗ.

ಹೆಂಡತಿ ಪ್ರಮಿಳಾ ತಾಟಿನ ಬಲಕ್ಕೆ ರೊಟ್ಟಿ, ಝುಣಕ, ಎಡಕ್ಕೆ ಅನ್ನ, ಸಾರು ಬಡಿಸಿದ್ದಳು. ಗುರುಪುತ್ರಪ್ಪ ರೊಟ್ಟಿ ಮುಗಿಸಿ ಸುಮ್ಮನೆ ಕೂತ.

"ಯಾಕ, ಅನ್ನ ಬ್ಯಾಡೇನು?" ಎಂದಳು.

"ನೀ ಹಾಕಿದ್ರ ಉಣ್ಣೂದು. ಇವತ್ತ ಅನ್ನಾನ ಮಾಡಿಲ್ಲಲ್ಲ?"

ಅವಳು ಅವನ ಮುಖವನ್ನೂ ತಾಟನ್ನೂ ನೋಡಿದಳು. ತಾಟನ್ನು ಅರ್ಧ ಸುತ್ತು ತಿರುಗಿಸಿದಳು.

"ಹಾಂ, ಈಗ ತಂದಿ ನೋಡು," ಎಂದು ಗುರುಪುತ್ರಪ್ಪ ಸಂತೋಷದಿಂದ ಅನ್ನ ಕಲಸಿದ.

ಅಂದಿನಿಂದ ಅವಳು ಊಟದ ನಡುವೆ ತಾಟು ತಿರುಗಿಸುವ ಕೆಲಸವನ್ನೂ ಹಚ್ಚಿಕೊಂಡಳು. ಗಡ್ಡ ಮಾಡಿಕೊಂಡರೆ ಬಲಗೆನ್ನೆ ನುಣ್ಣಗೆ, ಎಡಗೆನ್ನೆ ಹಾಗೇ. ಅಂಗಿಯ ಬಲದೋಳಿಗಷ್ಟೇ ಕೈ ಹಾಕಿ ಓಣಿಯಲ್ಲಿ ಅಡ್ಡಾಡುತ್ತಿದ್ದ. ಒಮ್ಮೆ ನನ್ನ ಅಂಗಡಿಗೆ ಬಂದು, ಯಂತ್ರದ ಎಡಕ್ಕೆ ನಾನು ಕೂತಿದ್ದರೂ ಹತ್ತು ನಿಮಿಷ ಕಾದು, ನಾನು "ಏನ್ ಬೇಕೋ ಮಾರಾಯಾ?" ಎಂದರೆ ಬಲಕ್ಕೆ ತಿರುಗಿ ಗೋಡೆಗೆ ಹೇಳಿದ: "ಅಂಗಡಿ ತಗದಿಟ್ಟು ಎಲ್ಲೋ ಹೋಗ್ಯಾನ ನೋಡ್ರಿ ಇಂವ. ಹಿಂಗಾದ್ರ ಧಂದೆ ಹೆಂಗ ನಡೀತೈತಿ?" ನನ್ನ ಮೇಲಿನ ಆ ದೂರನ್ನು ನಾನೇ ಪೂರ್ತಿ ಕೇಳಿಸಿಕೊಂಡೆ.

ಡಿಪೋದವರು ಹಗುರ ಕೆಲಸವೆಂದು ವಿಚಾರಣೆಯ ಖಿಡಕಿಯಲ್ಲಿ ಕೂರಿಸಿದರು. ಬಲಗಡೆಯಿಂದ ಬಂದವರಿಗೆ ಬಸ್ಸಿನ ವೇಳೆ ಸಿಗುತ್ತಿತ್ತು. ಎಡಗಡೆಯಿಂದ ಬಂದವರು ಕೇಳಿ ಕೇಳಿ ಸುಸ್ತಾಗಿ, ತಲೆಗೆ ಪೆಟ್ಟಾದ ಮೇಲೆ ಈ ಮನುಷ್ಯನಿಗೆ ಸೊಕ್ಕು ಬಂದಿದೆ ಎನ್ನುತ್ತ ಹೋದರು. ಹದಿನೈದೇ ದಿನಕ್ಕೆ ಡಿಪೋದವರು ಮನೆಗೆ ಕಳಿಸಿದರು. ಆರಾಮಾದ ಬಗ್ಗೆ ಕಾಗದ ತಂದರೆ ಮತ್ತೆ ಬಸ್ಸಿಗೆ ಹಾಕುವುದಾಗಿ ಹೇಳಿದರು.

ಅವನನ್ನು ಆರಾಮ ಮಾಡಿದವಳು ಶಗುಫ್ತಾ. ನಮ್ಮ ಖಾನಾಪುರದ ಹುಡುಗಿಯೇ. ಬೆಳಗಾವಿಯ ಸದಾಶಿವನಗರದಲ್ಲಿ ಮಿದುಳಿಗೆ ಪೆಟ್ಟಾದವರನ್ನು ಮತ್ತೆ ಬದುಕಿಗೆ ಹಚ್ಚುವ ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್. ಅವಳು ಮೊದಲ ದಿನವೇ ವಿಷಯ ಬಿಡಿಸಿ ಹೇಳಿದಳು: "ಕಣ್ಣ ನೋಡ್ತಾವ್ರಿ ಕಾಕಾ. ನೋಡಿದ್ದನ್ನ ಮಿದುಳು ಲೆಕ್ಕಕ್ಕ ಹಿಡಿಯಾಂಗಿಲ್ಲ. ಎಡಗಡೆ ಅನ್ನೂದು ಒಂದೈತಿ ಅನ್ನೂದನ್ನ ಮರತೈತಿ. ನಾವು ಅದಕ್ಕ ನೆನಪ ಮಾಡಿ ಕೊಡಬೇಕು." ಇದಕ್ಕೆ ಅವರಲ್ಲಿ ಎಡಗಡೆಯ ಅಲಕ್ಷ್ಯ ಎನ್ನುತ್ತಾರಂತೆ.

ಅವಳು ತಾಟಿನ ಎಡ ಅಂಚಿಗೆ, ಬಾಗಿಲ ಎಡ ಚೌಕಟ್ಟಿಗೆ, ಅವನ ಎಡ ಮಣಿಕಟ್ಟಿಗೆ ಕೆಂಪು ರಿಬ್ಬನ್ ಕಟ್ಟಿದಳು. ಕೆಂಪು ಸಿಗುವತನಕ ತಲೆ ತಿರುಗಿಸಬೇಕು. ಅದಕ್ಕೂ ಅವನು ಬಗ್ಗದಿದ್ದಾಗ ಕೇಂದ್ರದ ಕುರ್ಚಿಗಳನ್ನೆಲ್ಲ ಬಸ್ಸಿನಂತೆ ಎರಡು ಸಾಲು ಹಾಕಿ, ನಡುವೆ ಅವನನ್ನು ನಿಲ್ಲಿಸಿ ಕೂಗಿದಳು: "ಕಂಡಕ್ಟರ್ ಸಾಹೇಬ್ರ, ಎಡಗಡಿ ಸೀಟಿನ ಮಂದಿ ಟಿಕೆಟ್ ಇಲ್ಲದ ಹೊಂಟಾರ್ರೀ!"

ಅವನ ತಲೆ ಎಡಕ್ಕೆ ಗರ್ರನೆ ತಿರುಗಿತು. ಮಿದುಳು ಯಾವುದಕ್ಕೆ ಬಗ್ಗದಿದ್ದರೂ ಕಂಡಕ್ಟರಿಕೆಗೆ ಬಗ್ಗಿತು. ವಾರಕ್ಕೆರಡು ಸಲದಂತೆ ಒಂದೂವರೆ ವರ್ಷ ಆ ಕುರ್ಚಿಗಳ ಬಸ್ಸಿನಲ್ಲಿ ಅವನು ಟಿಕೆಟ್ ಹರಿದ. ಒಂದು ದಿನ ವಾಪಸು ಬರುವಾಗ ಖರೇ ಬಸ್ಸಿನಲ್ಲಿ ಎಡಕ್ಕೆ ತಿರುಗಿ, ಪಕ್ಕದಲ್ಲಿ ಕೂತ ಪ್ರಮಿಳಾಳನ್ನು ಕಂಡು ಬೆರಗಾಗಿ ಕೇಳಿದ: "ನೀ ಯಾವಾಗ ಬಂದಿ?"

"ಇಪ್ಪತ್ತಾರು ವರ್ಷ ಆತು," ಎಂದಳು ಪ್ರಮಿಳಾ, ಮತ್ತು ಸೆರಗಿನಿಂದ ಮುಖ ಒರೆಸಿಕೊಂಡಳು.

ಇಲ್ಲಿಗೆ ಇದು ಒಳ್ಳೆಯ ಕಥೆ. ಇದು ಕೆಟ್ಟದ್ದು ತರಬೇತಿಯಿಂದ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸಂಜಯ ಒಳ್ಳೆಯ ಮನುಷ್ಯ. ಥೆರಪಿಸ್ಟರು, ನರ್ಸುಗಳು ಓದು ಮುಗಿಸಿದ ಮೇಲೂ ಕಲಿಯುತ್ತಿರಬೇಕೆಂದು ಅವರ ನಂಬಿಕೆ. ಅದಕ್ಕಾಗಿ ಮೂರು ತಿಂಗಳಿಗೊಮ್ಮೆ ಬೆಳಗಾವಿಯ ಹಿಂದವಾಡಿಯ ಒಂದು ಸಭಾಂಗಣದಲ್ಲಿ ಎರಡು ದಿನದ ತರಬೇತಿ ನಡೆಸುತ್ತಿದ್ದರು. ಬಂದವರಿಗೆ ಸರ್ಟಿಫಿಕೇಟು, ಅದರ ಮೇಲೆ ಪಾಯಿಂಟುಗಳು. ಆ ಪಾಯಿಂಟುಗಳು ಕೆಲಸದಲ್ಲಿ ಮೇಲೇರಲು ಬೇಕು. ಹೀಗಾಗಿ ಹುಬ್ಬಳ್ಳಿ, ಗೋಕಾಕ, ನಿಪ್ಪಾಣಿ, ಕೊಲ್ಹಾಪುರದಿಂದೆಲ್ಲ ಜನ ಬರುತ್ತಿದ್ದರು. ಪುಸ್ತಕದಲ್ಲಿ ಓದಿದ ರೋಗವನ್ನು ಮನುಷ್ಯನಲ್ಲಿ ನೋಡಬೇಕಲ್ಲ? ಆ ಮನುಷ್ಯ ಗುರುಪುತ್ರಪ್ಪ.

ಮೊದಲ ಬ್ಯಾಚು ಬಂದಾಗ ಅವನಿಗೆ ರೋಗ ಇನ್ನೂ ಇತ್ತು. ಗಡಿಯಾರ ಬರೆಯಿರಿ ಎಂದರೆ ದುಂಡಗೆ ಗೆರೆ ಎಳೆದು ಹನ್ನೆರಡರಿಂದ ಆರರವರೆಗೆ ಬರೆದು ಪೆನ್ನು ಕೆಳಗಿಡುತ್ತಿದ್ದ. ಎಡಭಾಗ ಖಾಲಿ. ನಲವತ್ತು ಜನ ಉಸಿರು ಹಿಡಿದು ನೋಡಿ ಚಪ್ಪಾಳೆ ಹೊಡೆದರು. ಮುಂದಿನ ಬ್ಯಾಚುಗಳಲ್ಲಿ ಏಳು, ಎಂಟು ಒಂದೊಂದಾಗಿ ಬರತೊಡಗಿದವು. ಐದನೇ ಬ್ಯಾಚಿನಲ್ಲಿ ಗುರುಪುತ್ರಪ್ಪ ಹನ್ನೆರಡೂ ಅಂಕಿ ಬರೆದು, ಮುಳ್ಳು ಹಾಕಿ, ಮೇಲೆ ಒಂದು ಮೊಳೆಯನ್ನೂ ಬರೆದು ಗಡಿಯಾರವನ್ನು ಗೋಡೆಗೆ ತೂಗುಹಾಕಿದ.

ಚಪ್ಪಾಳೆ ಬೀಳಲಿಲ್ಲ. ಪರದೆಯ ಮೇಲೆ "ರೋಗಿ ಅರ್ಧ ಗಡಿಯಾರವನ್ನಷ್ಟೇ ಬರೆಯುವುದನ್ನು ಗಮನಿಸಿ" ಎಂದು ದೊಡ್ಡ ಅಕ್ಷರಗಳಲ್ಲಿತ್ತು. ಡಾಕ್ಟರ್ ಸಂಜಯ ಚಹಾದ ಬಿಡುವು ಘೋಷಿಸಿ ಅವನನ್ನು ಬಾಜು ಕರೆದರು.

"ಇವತ್ತ ಯಾಕ ಪೂರ್ತಿ ಬರದ್ರಿ?"

"ಆರಾಮ ಆಗೇತ್ರಿ ಸರ."

"ಭಾಳ ಚಲೋ ಆತು. ಆದ್ರ ಅದು ಬ್ಯಾರೇ ಮಾತು. ಹೊರಗ ನಲವತ್ತ ಮಂದಿ ಕುಂತಾರ. ಅವರು ರೋಗ ನೋಡಲಿಲ್ಲಂದ್ರ ನಾಳೆ ಅವರ ಊರಾಗ ನಿಮ್ಮಂಥಾವ್ರು ಬಂದಾಗ ಗುರತ ಹೆಂಗ ಹಿಡಿಬೇಕು?"

ಈ ಮಾತು ಗುರುಪುತ್ರಪ್ಪನಿಗೆ ನಾಟಿತು. ತನ್ನ ರೋಗವನ್ನು ತಿಂಗಳುಗಟ್ಟಲೆ ಸೊಕ್ಕು ಎಂದು ತಿಳಿದಿದ್ದ ಮಂದಿ ನೆನಪಾದರು. ಒಳಗೆ ಹೋಗಿ ಮತ್ತೊಂದು ಹಾಳೆ ತಗೊಂಡು ಆರಕ್ಕೆ ನಿಲ್ಲಿಸಿದ. ಭಾರಿ ಚಪ್ಪಾಳೆ.

ಆಮೇಲೆ ಅವನು ರೋಗವನ್ನು ಅಭ್ಯಾಸ ಮಾಡತೊಡಗಿದ. ನನಗೆ ಹೇಳಿದ್ದ: "ಖರೇ ರೋಗ ಇದ್ದಾಗ ಭಾಳ ಹಗರ ಇತ್ತಪಾ. ಎಡಕ್ಕ ಏನೂ ಇರಲಿಲ್ಲ, ನಾ ನೋಡ್ತಿರಲಿಲ್ಲ, ಮುಗೀತು. ಈಗ ಎಡಕ್ಕ ಏನೇನ ಐತಿ ಅಂತ ಎಲ್ಲಾ ನೋಡ್ಕೊಂಡ, ನೆನಪಿಟ್ಕೊಂಡ, ಅದನ್ನ ನೋಡಬಾರದು. ಕುತ್ತಿಗಿ ಹಿಡಕೊಂಡ ಬಿಡ್ತೈತಿ." ಮನೆಯಲ್ಲಿ ಅನ್ನ ಬಿಟ್ಟು ಏಳುವುದನ್ನು ರೂಢಿಸಿಕೊಳ್ಳಹೋದಾಗ ಪ್ರಮಿಳಾ ಸೌಟು ಎತ್ತಿ ನಿಂತಳು. "ಒಂದೂವರಿ ವರ್ಷ ತಾಟ ತಿರುವಿದಾಕಿ ನಾನು. ಇನ್ನೊಮ್ಮೆ ಅನ್ನ ಬಿಟ್ಟ ಎದ್ದಿ ಅಂದ್ರ ತಾಟ ಅಲ್ಲ, ನಿನ್ನ ತಿರುವತೀನಿ." ಅಲ್ಲಿಂದ ಅವನು ಅಭ್ಯಾಸಕ್ಕೆ ನನ್ನ ಅಂಗಡಿಗೇ ಬರತೊಡಗಿದ.

ಇದರಲ್ಲಿ ಇನ್ನೊಂದು ತೊಡಕಿತ್ತು. ತರಬೇತಿಯ ಎರಡನೇ ದಿನ ಬಂದವರೆಲ್ಲ ಅವನಿಗೆ ಚಿಕಿತ್ಸೆ ಕೊಡಬೇಕು, ಅದರಿಂದ ಅವನು ಸುಧಾರಿಸಬೇಕು. ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಗಡಿಯಾರ ಬರೆದಾಗ ಎಂಟರವರೆಗಾದರೂ ಬರಬೇಕು, ಹನ್ನೆರಡರವರೆಗೆ ಬಂದರೆ ಯಾರೂ ನಂಬುವುದಿಲ್ಲ. ಒಂದು ಬ್ಯಾಚಿನಲ್ಲಿ ಕೊಲ್ಹಾಪುರದವರೊಬ್ಬರು ತಪ್ಪು ತಿಳಿದು ಇಡೀ ದಿನ ಬಲಗಡೆಗೇ ರಿಬ್ಬನ್ ಕಟ್ಟಿ ಬಲಗಡೆಗೇ ತಿರುಗಿಸಿದರು. ನಾಲ್ಕಕ್ಕೆ ಗುರುಪುತ್ರಪ್ಪ ನಿಯತ್ತಿನಿಂದ ಎಂಟರವರೆಗೆ ಬರೆದುಕೊಟ್ಟ. ಅವರು ಕಣ್ಣೀರು ತುಂಬಿ ಅವನ ಕಾಲು ಮುಟ್ಟಿದರು.

ಕೇಂದ್ರದವರು ಬಣ್ಣದ ಕರಪತ್ರ ಅಚ್ಚು ಹಾಕಿಸಿ ಜಿಲ್ಲೆಯ ಡಾಕ್ಟರುಗಳಿಗೆಲ್ಲ ಹಂಚಿದರು. ಅದರ ಮೇಲೆ ಗುರುಪುತ್ರಪ್ಪನ ಫೋಟೋ, ಅರ್ಧ ಗಡ್ಡ ಬೋಳಿಸಿದ್ದು. ಕೆಳಗೆ "ಜಗತ್ತಿನ ಎಡಭಾಗವನ್ನು ಕಳೆದುಕೊಂಡ ಮನುಷ್ಯ" ಎಂದಿತ್ತು. 2024ರ ಜೂನಿನಲ್ಲಿ ಅವನು ಮತ್ತೆ ಬಸ್ಸಿಗೆ ಹೋಗುವ ಆಸೆಯಿಂದ ಅರ್ಜಿ ಹಾಕಿಕೊಂಡು, ಬಸ್ಸಿನ ನೌಕರರ ಆರೋಗ್ಯ ತಪಾಸಣೆ ಮಾಡುವ ಡಾಕ್ಟರ ಮುಂದೆ ಹೋಗಿ ನಿಂತ. ಅವರು ಹೆಸರು ಕೇಳಿದರು, ಡ್ರಾವರು ತೆಗೆದರು, ಕರಪತ್ರವನ್ನು ಮೇಜಿನ ಮೇಲಿಟ್ಟರು.

"ಇದು ನೀವಽ ಅಲ್ಲೇನ್ರಿ?"

"ನಾನಽ ರೀ. ಆದ್ರ ಅದು ಕಲಿಸಾಕ ಮಾಡೂದ್ರಿ. ನಾ ಆರಾಮ ಅದೀನಿ."

"ಹಂಗಂತ ಯಾರರೇ ಬರದ ಕೊಟ್ಟಾರೇನು? ಕೇಂದ್ರದ ಶಿಕ್ಕಾ ಒತ್ತಿದ ಕಾಗದ ತರ್ರಿ."

ಅವನು ಡಾಕ್ಟರ್ ಸಂಜಯರ ಬಳಿಗೆ ಓಡಿದ. ಅವರು ಬಹಳ ಹೊತ್ತು ತಲೆ ಕೆರೆದುಕೊಂಡು, "ನವೆಂಬರ್ ಬ್ಯಾಚಿಗೆ ನಲವತ್ತೆರಡು ಮಂದಿ ಹೆಸರ ಹಚ್ಚ್ಯಾರ. ಅದೊಂದು ಆಗಲಿ, ನಿಮ್ಮನ್ನ ಆರಾಮ ಮಾಡಿ ಕಳಸ್ತೀನಿ," ಎಂದರು. ಗುರುಪುತ್ರಪ್ಪ ಇನ್ನು ಐದು ತಿಂಗಳು ರೋಗಿಯಾಗಿರಲು ಒಪ್ಪಿಕೊಂಡ.

ನವೆಂಬರ್ ಬ್ಯಾಚಿನಲ್ಲಿ ಮಾಲಾ ಎಂಬ ನರ್ಸ್ ಬಂದಿದ್ದಳು. ಕಣಕುಂಬಿ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಅವಳ ಕೆಲಸ. ತಲೆಗೆ ಪೆಟ್ಟಾದವರು ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದ ಮೇಲೆ ಅವರನ್ನು ಹೇಗೆ ನೋಡಿಕೊಳ್ಳಬೇಕೆಂದು ಮನೆಯವರು ಬಂದು ಕೇಳುವುದು ಇವಳನ್ನೇ. ಅವಳಿಗೆ ಪಾಯಿಂಟೂ ಬೇಕಿತ್ತು, ಉತ್ತರವೂ ಬೇಕಿತ್ತು. ಮೊದಲ ದಿನ ಮಧ್ಯಾಹ್ನ ಪ್ರತಿಯೊಬ್ಬರೂ ಗುರುಪುತ್ರಪ್ಪನನ್ನು ಪರೀಕ್ಷಿಸಿ ವರದಿ ಬರೆಯಬೇಕು, ಇಪ್ಪತ್ತೈದು ಅಂಕ. ಉಳಿದವರು ಕೊಟ್ಟ ನಮೂನೆ ನೋಡಿ ಗಡಿಯಾರ ಬರೆಸಿದರು, ಗೆರೆ ಎಳೆಸಿದರು. ಮಾಲಾಳ ಸರದಿ ಬಂದಾಗ ಚಹಾ ಬಂತು. ಅವಳು ಕಪ್ಪನ್ನು ಸದ್ದಿಲ್ಲದೆ ಅವನ ಎಡಕ್ಕೆ ಮೇಜಿನ ತುದಿಯಲ್ಲಿಟ್ಟು ಕಾಗದ ಎತ್ತಿಕೊಂಡಳು. ಅವಳ ಮೊಣಕೈ ತಾಗಿ ಕಪ್ಪು ಜಾರಿತು.

"ಬಿದ್ದೀತವಾ!" ಎಂದು ಗುರುಪುತ್ರಪ್ಪ ಎಡಗೈ ಚಾಚಿ ಹಿಡಿದುಬಿಟ್ಟ. ಒಂದು ಹನಿಯೂ ಚೆಲ್ಲಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಮೆಲ್ಲಗೆ ಕಪ್ಪನ್ನು ಇದ್ದಲ್ಲೇ ಇಟ್ಟು ಬಲಕ್ಕೆ ತಿರುಗಿಕೊಂಡ.

ಮಾಲಾ ಬರೆದಳು: "ರೋಗಿಗೆ ಎಡಗಡೆಯ ಅಲಕ್ಷ್ಯ ಇಲ್ಲ. ಚಿಕಿತ್ಸೆ ಬೇಕಾಗಿಲ್ಲ. ಕೆಲಸಕ್ಕೆ ಹೋಗಬಹುದು." ಸಂಜೆ ಐದಕ್ಕೆ ಅಂಕಗಳು ಬಂದವು. ನಲವತ್ತೊಂದು ಜನ ಪಾಸು. ಮಾಲಾಳ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಇಪ್ಪತ್ತೈದಕ್ಕೆ ಸೊನ್ನೆ, ಕೆಳಗೆ ಡಾಕ್ಟರ್ ಸಂಜಯರ ಸಹಿ, ಕೇಂದ್ರದ ಶಿಕ್ಕಾ.

ಅದೇ ಸಂಜೆ ಖಾನಾಪುರಕ್ಕೆ ವಾಪಸಾಗುವ ಬಸ್ಸಿನಲ್ಲಿ ಅವಳಿಗೆ ಅವನ ಎಡಪಕ್ಕದ ಸೀಟೇ ಸಿಕ್ಕಿತು. ಅವಳು ಕೇಳಿದಳು: "ನಿಮಗ ನಾ ಕಾಣಸ್ತೀನೋ ಇಲ್ಲೋ?"

ಎರಡನೇ ದಿನ ನಾಲ್ಕು ಗಂಟೆಯವರೆಗೆ ರೋಗ ಬಿಡಬಾರದೆಂದು ಗುರುಪುತ್ರಪ್ಪ ಮಾತು ಕೊಟ್ಟಿದ್ದ. ಬಲಗಡೆಯ ಕಿಟಕಿಗೆ ಮುಖ ಹಚ್ಚಿ ಕೂತ. ದೇಸೂರು ಹೋಯಿತು. ಅವಳು ಮತ್ತೆ ಕೇಳಲಿಲ್ಲ, ಮೂಗು ಸೇದುವ ಸದ್ದಷ್ಟೇ ಬರುತ್ತಿತ್ತು. ಗಣೇಬೈಲು ಬರುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ಕಾಣಸ್ತಿ ತಂಗಿ. ಮೊದಲಿಂದನೂ ಕಾಣಸ್ತಿ."

"ಮತ್ತ ನನ್ನ ಯಾಕ ಫೇಲ್ ಮಾಡಿದ್ರಿ? ಊರಾಗ ನನ್ನ ನಂಬಿ ಮಂದಿ ಬರ್ತಾರ. ಈಗ ನನಗಽ ನನ್ನ ಮ್ಯಾಲೆ ನಂಬಕಿ ಹೋತು. ಆರಾಮ ಇದ್ದಾವ ಯಾರು, ಇಲ್ಲದಾವ ಯಾರು ಅನ್ನೂದೂ ತಿಳೀಲಿಲ್ಲಲ್ಲ ಅಂತ."

ಮರುದಿನ ಬೆಳಿಗ್ಗೆ ಹಿಂದವಾಡಿಯ ಸಭಾಂಗಣದಲ್ಲಿ, ಡಾಕ್ಟರ್ ಸಂಜಯ ಮೈಕು ಹಿಡಿಯುವ ಮೊದಲೇ ಗುರುಪುತ್ರಪ್ಪ ಎದ್ದು ನಿಂತ.

"ಎಲ್ಲಾರೂ ಕೇಳ್ರಿ. ನಾ ಆರಾಮ ಅದೀನಿ. ಎರಡ ವರ್ಷ ಆಗಾಕ ಬಂತು. ನಿನ್ನಿ ಮಾಡಿದ್ದೆಲ್ಲಾ ಸುಳ್ಳು. ಆ ಮಾಲಾಬಾಯಿ ಬರದದ್ದೊಂದಽ ಖರೇ."

ಡಾಕ್ಟರ್ ಸಂಜಯರ ಮುಖ ಬಿಳಿಚಿ, ಆಮೇಲೆ ಇದ್ದಕ್ಕಿದ್ದಂತೆ ಅರಳಿತು. ಅವರು ಸಭೆಯ ಕಡೆ ತಿರುಗಿದರು.

"ನೋಡಿದ್ರಲ್ಲ! ಇದನ್ನ ನಾ ಮಧ್ಯಾಹ್ನ ಹೇಳಬೇಕಂತ ಮಾಡಿದ್ದೆ. ಮಿದುಳಿಗೆ ಪೆಟ್ಟಾದ ರೋಗಿಗೆ ಎಷ್ಟೋ ಸಲ ತನಗ ರೋಗ ಐತಿ ಅನ್ನೂದಽ ಗೊತ್ತಿರೂದಿಲ್ಲ. ನನಗೇನೂ ಆಗಿಲ್ಲ ಅಂತ ವಾದ ಮಾಡ್ತಾನ. ಇದು ಈ ರೋಗದ ದೊಡ್ಡ ಲಕ್ಷಣ."

ನಲವತ್ತೊಂದು ಪೆನ್ನುಗಳು ಓಡಿದವು.

"ಅಯ್ಯ ಅಲ್ರೀ, ಖರೇನ ಆರಾಮ ಅದೀನಿ!" ಎಂದು ಗುರುಪುತ್ರಪ್ಪ ಕೂಗಿದ.

"ಧ್ವನಿ ಏರಸ್ತಾನ, ಬರಕೊಳ್ರಿ," ಎಂದರು ಡಾಕ್ಟರು.

ಅವನು ಹಲಗೆಯತ್ತ ನುಗ್ಗಿ ಪೂರ್ತಿ ಗಡಿಯಾರ ಬರೆದ. ಬಾಯಿಪಾಠ ಮಾಡಿದ್ದಾನೆ ಎಂದು ಒಬ್ಬರು ಹೇಳಿದರು, ಅದನ್ನೂ ಬರೆದುಕೊಂಡರು. ಎಡಗಡೆಯ ಸಾಲಿನಲ್ಲಿ ಕೂತವರ ಊರುಗಳನ್ನು ಒಂದೊಂದಾಗಿ ಹೇಳಿದ; ಹಾಜರಿ ಪಟ್ಟಿ ನೋಡಿರಬೇಕು ಎಂದರು. ಬಿದ್ದು ತಲೆ ಒಡೆದುಕೊಂಡಾಗ ಕೂಡ ಇಷ್ಟು ಅಸಹಾಯಕತೆ ಆಗಿರಲಿಲ್ಲವೆಂದು ಅವನು ಆಮೇಲೆ ನನಗೆ ಹೇಳಿದ. ರೋಗವಿದ್ದಾಗ ಯಾರೂ ರೋಗವೆಂದು ನಂಬಲಿಲ್ಲ. ಈಗ ಇಲ್ಲದಾಗ ಇಲ್ಲವೆಂದು ನಂಬುವವರಿಲ್ಲ.

ಆಗ ಹಿಂದಿನ ಸಾಲಿನಿಂದ ಶಗುಫ್ತಾ ಎದ್ದಳು. ಡಾಕ್ಟರ್ ಸಂಜಯ ಅವಳಿಗೆ ಕೆಲಸ ಕೊಟ್ಟವರು.

"ಸರ, ಅವರನ್ನ ಆರಾಮ ಮಾಡಿದಾಕಿ ನಾನು. ಒಂದೂವರಿ ವರ್ಷ. ಇವತ್ತ ಸಂಜಿಗೆ ಆ ಚಿಕಿತ್ಸೆ ಹೆಂಗ ಗುಣ ಕೊಟ್ಟೈತಿ ಅಂತ ನಂದಽ ಭಾಷಣ ಐತಿ. ಅವರು ಆರಾಮ ಆಗಿಲ್ಲಂದ್ರ ನಾ ಏನ್ ಹೇಳ್ಲಿ? ಆಗ್ಯಾರಂದ್ರ ನಿನ್ನಿಯಿಂದ ನಾವು ಏನ್ ಮಾಡಾಕತ್ತೇವಿ?"

ಡಾಕ್ಟರ್ ಸಂಜಯ ಕಾರ್ಯಕ್ರಮದ ಪಟ್ಟಿ ನೋಡಿದರು. ಅದರ ಪ್ರಕಾರ ಗುರುಪುತ್ರಪ್ಪ ನಾಲ್ಕು ಗಂಟೆಯವರೆಗೆ ರೋಗಿ, ಚಹಾದ ನಂತರ ಗುಣಮುಖ. ಮುಂದಿನ ಸಾಲಿನವರೊಬ್ಬರು, ನಲವತ್ತೊಂದು ಜನ ತಪ್ಪು ಬರೆದಿದ್ದರೆ ನಲವತ್ತೊಂದು ಜನರ ಪಾಯಿಂಟಿನ ಗತಿಯೇನು ಎಂದು ಕೇಳಿದರು. ಗದ್ದಲವಾಯಿತು. ಕೊನೆಗೆ ಯಾರೋ ಕೈ ಎತ್ತಿಸಿ ತೀರ್ಮಾನ ಮಾಡೋಣವೆಂದರು. ಗುರುಪುತ್ರಪ್ಪನಿಗೆ ರೋಗ ಇದೆಯೋ ಇಲ್ಲವೋ ಎಂಬುದನ್ನು ಮತಕ್ಕೆ ಹಾಕಲಾಯಿತು.

"ರೋಗ ಐತಿ ಅನ್ನಾವ್ರು ಕೈ ಎತ್ತರಿ," ಎಂದರು ಡಾಕ್ಟರ್ ಸಂಜಯ. ಗುರುಪುತ್ರಪ್ಪ ತನ್ನ ಮತ ಯಾವ ಕಡೆಗೆಂದು ಕೇಳಿದಾಗ, ರೋಗಿಗೆ ಮತವಿಲ್ಲವೆಂದರು. ಮೇಲೆದ್ದ ಕೈಗಳನ್ನು ಎಣಿಸಿ, "ಮೂವತ್ತಾರು," ಎಂದರು.

"ಮೂವತ್ತೆಂಟ್ರಿ," ಎಂದ ಗುರುಪುತ್ರಪ್ಪ.

"ಏನು?"

"ಬಲಕ್ಕ ಹದಿನೇಳು, ಎಡಕ್ಕ ಇಪ್ಪತ್ತೊಂದು. ಎಡಕ್ಕ ಆ ಕಂಬದ ಮರಿಗೆ ಇಬ್ರು ಕುಂತಾರ ನೋಡ್ರಿ, ಹಳದಿ ಸೀರಿಯವ್ರು ಒಬ್ರು, ಚಸ್ಮಾದವ್ರು ಒಬ್ರು. ನೀವು ಬಿಟ್ರಿ. ಎತ್ತಲಾರದಾವ್ರು ನಾಕ ಮಂದಿ."

ಮತ್ತೊಮ್ಮೆ ಎಣಿಸಿದರು. ಮೂವತ್ತೆಂಟೇ ಇತ್ತು. ಕಂಬದ ಮರೆಯ ಹಳದಿ ಸೀರೆಯಾಕೆ ನಾಚಿಕೊಂಡು ಕೈ ಇಳಿಸಿದಳು. ಯಾರೋ ಕಿಸಕ್ಕನೆ ನಕ್ಕರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಡಾಕ್ಟರ್ ಸಂಜಯ ಮೈಕನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು, ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಶಗುಫ್ತಾ ಹತ್ತಿರ ಹೋದಳು. ಅವರು ನಗುತ್ತಿದ್ದರು.

"ನಾನಽ ಎಡಗಡಿ ಬಿಟ್ಟೆ," ಎಂದರು.

ಅವರು ಮಾಲಾಳನ್ನು ಮುಂದೆ ಕರೆದು, ನಿನ್ನೆ ಏನು ನೋಡಿದಿ, ಹೇಗೆ ತಿಳಿಯಿತು ಎಂದು ಎಲ್ಲರ ಮುಂದೆ ಹೇಳಿಸಿದರು. ಚಹಾದ ಕಪ್ಪಿನ ಮಾತು ಅರ್ಧ ತಾಸು ನಡೆಯಿತು. ಆದರೆ ಅವಳ ಅಂಕ ತಿದ್ದಲು ಬರುತ್ತಿರಲಿಲ್ಲ. ಹಿಂದಿನ ಸಂಜೆಯೇ ಅದನ್ನು ಪಾಯಿಂಟು ಕೊಡುವವರಿಗೆ ಕಂಪ್ಯೂಟರಿನಲ್ಲಿ ಕಳಿಸಿಯಾಗಿತ್ತು, ಒಮ್ಮೆ ಹೋದದ್ದು ಹೋಯಿತು. ಪಾಸಾಗಲು ಬೇಕಾದ ಅಂಕವನ್ನು ಮಾತ್ರ ಬದಲಿಸಬಹುದಿತ್ತು. ಹಾಗಾಗಿ ಆ ಬ್ಯಾಚಿನಲ್ಲಿ ಇಪ್ಪತ್ತೈದಕ್ಕೆ ಸೊನ್ನೆ ಬಂದರೂ ಪಾಸು ಎಂದು ಮಾಡಿದರು. ಮಾಲಾ ಸರಿಯಾಗಿ ಗಡಿಯ ಮೇಲೆ ಪಾಸಾದಳು.

ಗುರುಪುತ್ರಪ್ಪನ ಕಾಗದದ ಮಾತು ಹಾಗೇ ಉಳಿದಿತ್ತು. ಡಾಕ್ಟರ್ ಸಂಜಯ ಬರೆಯಲು ಕೂತರು, ಎರಡು ಸಲ ಹರಿದು ಹಾಕಿದರು. ಎರಡು ವರ್ಷದಿಂದ ಆರಾಮ ಇದ್ದಾನೆ ಎಂದರೆ ಎರಡು ವರ್ಷದ ಬ್ಯಾಚುಗಳ ವರದಿಗೆ ಏನು ಹೇಳುವುದು? ನಿನ್ನೆಯಿಂದ ಆರಾಮ ಎಂದರೆ ಡಿಪೋದವರು ನಂಬುವುದಿಲ್ಲ. ಆಗ ಮಾಲಾ ತನ್ನ ಚೀಲದಿಂದ ಪರೀಕ್ಷೆಯ ಕಾಗದ ತೆಗೆದು ಗುರುಪುತ್ರಪ್ಪನ ಕೈಗಿಟ್ಟಳು. ಅವನ ಹೆಸರು, ತಾರೀಖು, ಕೇಂದ್ರದ ಶಿಕ್ಕಾ, ಡಾಕ್ಟರ ಸಹಿ ಎಲ್ಲ ಅದರಲ್ಲಿತ್ತು. ಅವನು ಆರಾಮ ಇದ್ದಾನೆ ಎಂದು ಬರೆದ ಕಾಗದ ಜಗತ್ತಿನಲ್ಲಿ ಅದೊಂದೇ.

ಮೂರು ಪ್ರತಿ ತೆಗೆದುಕೊಟ್ಟವನು ನಾನು. "ಈ ಕೆಂಪ ಸೊನ್ನಿ ಮ್ಯಾಲೊಂದು ಚೀಟಿ ಇಟ್ಟ ತಗೀಲೇನು? ಕಾಣೂದಿಲ್ಲ," ಎಂದೆ.

"ಬ್ಯಾಡ. ಇನ್ನ ಏನೂ ಮುಚ್ಚಬ್ಯಾಡ," ಎಂದ.

ತಪಾಸಣೆಯ ಡಾಕ್ಟರು ಅದನ್ನು ಎರಡು ಸಲ ಓದಿದರು. ಸೊನ್ನೆಯ ಮೇಲೆ ಬೆರಳಿಟ್ಟರು.

"ಇಪ್ಪತ್ತೈದಕ್ಕ ಸೊನ್ನಿ. ಅಂದ್ರ ರೋಗ ಒಂಚೂರೂ ಉಳದಿಲ್ಲ ಅಂದಂಗಾತು."

ಗುರುಪುತ್ರಪ್ಪ ಬಾಯಿ ತೆರೆದ. ಬಾಜು ನಿಂತಿದ್ದ ಪ್ರಮಿಳಾ ಅವನ ಕಾಲು ತುಳಿದಳು. ಡಾಕ್ಟರು ಸಹಿ ಹಾಕಿದರು.

ಜನವರಿಯಲ್ಲಿ ಅವನನ್ನು ಖಾನಾಪುರ–ಬೆಳಗಾವಿ ಬಸ್ಸಿಗೆ ಹಾಕಿದರು. ಮಾಲಾ ತನ್ನ ಊರಿನ ಆರೋಗ್ಯ ಕೇಂದ್ರದಲ್ಲಿ ಗುರುವಾರ ಗುರುವಾರ ತಲೆಗೆ ಪೆಟ್ಟಾದವರ ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತಾಳೆ. ತಿಂಗಳಿಗೊಮ್ಮೆ ಶಗುಫ್ತಾ ಅಲ್ಲಿಗೆ ಹೋಗುತ್ತಾಳೆ. ಪ್ರಮಿಳಾಳೂ ಒಮ್ಮೆ ಹೋಗಿ, ತಾಟು ತಿರುಗಿಸುವುದನ್ನು ಹೆಂಗಸರಿಗೆ ಮಾಡಿ ತೋರಿಸಿ ಬಂದಳು. ಡಾಕ್ಟರ್ ಸಂಜಯ ಈಗ ತರಬೇತಿಗೆ ನಿಜವಾದ ರೋಗಿಗಳನ್ನು, ಅವರ ಮನೆಯವರನ್ನು ಕೇಳಿ ಒಪ್ಪಿಸಿ ಕರೆಸುತ್ತಾರೆ. ಎರಡನೇ ದಿನ ಒಂದು ಹೊಸ ಪಾಠ ಸೇರಿಸಿದ್ದಾರೆ, ಆರಾಮಾದವರನ್ನು ಗುರುತಿಸುವುದು ಎಂದು. ಅದಕ್ಕೆ ಗುರುಪುತ್ರಪ್ಪ ಬೇಕೇ ಬೇಕು. ಅವನು ಬಂದು ಸುಮ್ಮನೆ ಇದ್ದ ಹಾಗೆಯೇ ಕೂರುತ್ತಾನೆ, ಏನು ಕೇಳಿದರೂ ಖರೇ ಹೇಳುತ್ತಾನೆ. ಬ್ಯಾಚಿನ ಅರ್ಧ ಜನ ಈಗಲೂ ಅವನಲ್ಲಿ ಏನಾದರೊಂದು ರೋಗ ಕಂಡುಹಿಡಿಯುತ್ತಾರೆ. ಹೋದ ಸಲ ಹುಬ್ಬಳ್ಳಿಯವರೊಬ್ಬರು ಅವನ ಬಲಗಡೆಯೇ ಸರಿಯಿಲ್ಲವೆಂದು ಬರೆದರಂತೆ.

ತೊಂದರೆ ಈಗ ರಜೆಯದ್ದು. ಮೂರು ತಿಂಗಳಿಗೊಮ್ಮೆ ಒಂದು ದಿನ ರಜೆ ಬೇಕು. ಕಾರಣವೆಂದು ಅವನು ನಿಯತ್ತಿನಿಂದ "ಆರಾಮ ಇದ್ದೇನೆಂದು ತೋರಿಸುವ ಸಲುವಾಗಿ" ಎಂದು ಬರೆಯುತ್ತಾನೆ. ಡಿಪೋದ ಗುಮಾಸ್ತರಿಗೆ ಅಂಥ ಕಾಲಮ್ಮು ಎಲ್ಲೂ ಸಿಗಲಿಲ್ಲ. ಅನಾರೋಗ್ಯ ಎಂಬುದರ ಮುಂದೆ ಗುರುತು ಹಾಕಲೇ ಎಂದು ಕೇಳಿದರಂತೆ. ಗುರುಪುತ್ರಪ್ಪ ಸುತರಾಂ ಒಪ್ಪಲಿಲ್ಲ. ಮೊನ್ನೆ ಮಂಗಳವಾರ ನನ್ನ ಅಂಗಡಿಗೆ ಬಂದು ಹೊಸ ಅರ್ಜಿಯ ಎರಡು ಪ್ರತಿ ಮಾಡಿಸಿಕೊಂಡು ಹೋದ. ಅದರಲ್ಲಿ ಅನಾರೋಗ್ಯದ ಪಕ್ಕಕ್ಕೆ "ಆರೋಗ್ಯ" ಎಂಬ ಒಂದು ಹೊಸ ಕಾಲಮ್ಮನ್ನು ಸ್ಕೇಲು ಹಿಡಿದು ತಾನೇ ಗೆರೆ ಹೊಡೆದು ಬರೆದಿದ್ದಾನೆ. ತರಬೇತಿ ಬರುವ ಶನಿವಾರ. ಅರ್ಜಿ ಇನ್ನೂ ಡಿಪೋದ ಮೇಜಿನ ಮೇಲೆಯೇ ಇದೆ.